ಹೈಡ್ರೋಸ್ಟಿಕ್ ಪ್ರೋ: 10 ಲೀಟರ್ ಹೈಡ್ರೋಜನ್‌ನ ಪುಟ್ಟ ಕಾರ್ಟ್ರಿಜ್ ಯಾರಿಗೆ ಸೂಕ್ತ?

ಕಾಲೇಜು ಲ್ಯಾಬಿನಲ್ಲಿ ಸಣ್ಣ ಫ್ಯೂಯಲ್ ಸೆಲ್ (ಹೈಡ್ರೋಜನ್‌ನಿಂದ ಕರೆಂಟ್ ತಯಾರಿಸುವ ಸಾಧನ) ಓಡಿಸಲು ದೊಡ್ಡ ಸಿಲಿಂಡರ್ ಎಳೆದಾಡುವ ರಗಳೆ ಬೇಡ ಅನ್ನುವವರು ಹೊರೈಜಾನ್ ಕಂಪನಿಯ ಈ ಕಾರ್ಟ್ರಿಜ್ ಧಾರಾಳವಾಗಿ ಕೊಳ್ಳಬಹುದು. ತೂಕ ಸುಮಾರು 100 ಗ್ರಾಂ. ಒಳಗೆ ಎಬಿ5 ಗುಂಪಿನ, ಅಂದರೆ ಒಂದು ಲೋಹದ ಒಂದು ಪರಮಾಣುವಿಗೆ ಇನ್ನೊಂದರ ಐದು ಇರುವ, ಮಿಶ್ರಲೋಹದ ಪುಡಿಯಿದೆ. ಈ ಗುಂಪಿನ ಮೂಲ ಮಾದರಿ ಲ್ಯಾಂಥನಮ್-ನಿಕ್ಕಲ್. ಹೈಡ್ರೋಜನ್ ಅಣು ಲೋಹದ ಮೇಲ್ಮೈಯಲ್ಲಿ ಒಡೆದು, ಪರಮಾಣುಗಳಾಗಿ ಹರಳಿನ ಸಂದುಗಳಲ್ಲಿ ಸೇರಿಕೊಳ್ಳುತ್ತದೆ.

ಬರೀ ಕರೆಂಟಿಗಾಗಿಯಾದರೆ ಮಾತ್ರ ಇದು ಬೇಡ. ಒಮ್ಮೆ ತುಂಬಿದರೆ ಸಿಗುವುದು 12 ವ್ಯಾಟ್-ಅವರ್ ಆಸುಪಾಸು. ಅಷ್ಟೇ ತೂಕದ ಲಿಥಿಯಂ ಸೆಲ್ ಅದಕ್ಕಿಂತ ಹೆಚ್ಚು ಕೊಡುತ್ತದೆ. ಎಬಿ5 ಲೋಹ ತನ್ನ ತೂಕದ ಶೇ 1.4ರಷ್ಟು ಹೈಡ್ರೋಜನ್ ಮಾತ್ರ ಹಿಡಿಯುವುದೇ ಇದಕ್ಕೆ ಕಾರಣ.

ಹೆಚ್ಚಿನವರು ಎಡವುವುದು ತುಂಬಿಸುವಾಗ. ಹೈಡ್ರೋಜನ್ ಲೋಹಕ್ಕೆ ಸೇರುವಾಗ ಶಾಖ ಹೊಮ್ಮುತ್ತದೆ, 10 ಲೀಟರಿಗೆ ಸುಮಾರು 12 ಕಿಲೋಜೌಲ್. ಆ ಶಾಖ ಹೊರಹೋಗದಿದ್ದರೆ ಪುಡಿ ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ, ಹೀರುವಿಕೆ ನಿಂತೇ ಹೋಗುತ್ತದೆ. ಒತ್ತಡದ ಮೀಟರ್ ನೋಡಿದರೆ ತುಂಬಿದಂತೆ ಕಾಣುತ್ತದೆ, ತುಂಬಿರುವುದಿಲ್ಲ. ಹಾಗಾಗಿ ವಾಲ್ವ್ ನೆನೆಯದಂತೆ ಕಾರ್ಟ್ರಿಜ್‌ನ ಒಡಲನ್ನು ತಣ್ಣೀರಿನಲ್ಲಿ ಇಳಿಬಿಟ್ಟು ನಿಧಾನವಾಗಿ ತುಂಬಿಸಿ. ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ 30 ಬಾರ್ ದಾಟಬಾರದು. ಪೈಪಿನಲ್ಲಿರುವ ಗಾಳಿಯನ್ನು ಮೊದಲೇ ಹೈಡ್ರೋಜನ್‌ನಿಂದ ಹೊರದೂಡಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಕಿಡಿ ಹಾರುವ ಏನೂ ಇರದಿರಲಿ.

ಎಷ್ಟು ತುಂಬಿದೆ ಎಂದು ತಿಳಿಯಲು ತೂಕವೇ ಗತಿ. ಅರ್ಧ ಖಾಲಿಯಾದರೂ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ಮೀಟರಿಗೆ ಅದು ಗೊತ್ತಾಗುವುದಿಲ್ಲ. ತುಂಬಿದ್ದಕ್ಕೂ ಖಾಲಿಗೂ ಇರುವ ವ್ಯತ್ಯಾಸ ಸುಮಾರು 0.8 ಗ್ರಾಂ, ಆದ್ದರಿಂದ 0.01 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ತೂಗುವ ಮುನ್ನ ಚೆನ್ನಾಗಿ ಒರೆಸಿ. ಒಂದು ಹನಿ ನೀರು ಅಂಟಿಕೊಂಡಿದ್ದರೂ 0.05 ಗ್ರಾಂ ಲೆಕ್ಕ ತಪ್ಪುತ್ತದೆ.

ತುಂಬಿಸುವಾಗ ಬಿಸಿಯಾದರೆ ಬಳಸುವಾಗ ತದ್ವಿರುದ್ಧ: ಹೈಡ್ರೋಜನ್ ಬಿಡುತ್ತಾ ಕಾರ್ಟ್ರಿಜ್ ತಣ್ಣಗಾಗುತ್ತದೆ. ಲ್ಯಾಂಥನಮ್-ನಿಕ್ಕಲ್ ಲೆಕ್ಕದಲ್ಲಿ 25 ಡಿಗ್ರಿಯಲ್ಲಿ 2 ಬಾರ್‌ಗೆ ತುಸು ಕಡಿಮೆಯಿರುವ ಒತ್ತಡ, 0 ಡಿಗ್ರಿಗೆ ಇಳಿದರೆ ಅರ್ಧ ಬಾರ್ ಆಸುಪಾಸಿಗೆ ಬರುತ್ತದೆ. ಇದು ಹೊರಗಿನ ಗಾಳಿಯ ಒತ್ತಡಕ್ಕಿಂತ (ಸುಮಾರು 1 ಬಾರ್) ಕಡಿಮೆ, ಆಗ ಹೈಡ್ರೋಜನ್ ಹೊರಗೇ ಬಾರದು. 2 ವ್ಯಾಟ್‌ನ ಫ್ಯೂಯಲ್ ಸೆಲ್‌ಗೆ ಈ ತೊಂದರೆಯಿಲ್ಲ. ಆದರೆ ನಿಮಿಷಕ್ಕೆ 200 ಮಿಲಿಲೀಟರ್ ಎಳೆದರೆ ಸುಮಾರು 4 ವ್ಯಾಟ್ ಶಾಖ ಹೊರಗಿನಿಂದ ಒದಗಬೇಕು. ಸೆಲ್ ನಿಂತಿತೆಂದು ಕಾರ್ಟ್ರಿಜ್ ಖಾಲಿ ಅಂದುಕೊಳ್ಳಬೇಡಿ, ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ ನೋಡಿ. ಹಾಗೆಂದು ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಡುವುದು ಬೇಡವೇ ಬೇಡ.

ಶುದ್ಧತೆಯಲ್ಲಿ ರಾಜಿ ಮಾಡಿಕೊಳ್ಳಬೇಡಿ: ಶೇ 99.999ರ ಹೈಡ್ರೋಜನ್ ಸುರಕ್ಷಿತ. ಆಮ್ಲಜನಕ, ತೇವಾಂಶದಿಂದ ಕುಂದಿದ ಪುಡಿ ಮತ್ತೆ ಮತ್ತೆ ತುಂಬಿ ಖಾಲಿ ಮಾಡಿದಾಗ ತಕ್ಕಮಟ್ಟಿಗೆ ಚೇತರಿಸಿಕೊಳ್ಳಬಹುದು. ಗಂಧಕ ಹೊಕ್ಕರೆ ಕಷ್ಟ. ಹಳೆಯದಾದ ಕಾರ್ಟ್ರಿಜ್ ಕೊಯ್ದು ನೋಡುವ ಕುತೂಹಲ ಅಪಾಯಕಾರಿ. ಹೀರಿ ಹಿಗ್ಗಿ, ಬಿಟ್ಟು ಕುಗ್ಗಿ ನುಣುಪಾದ ಆ ಪುಡಿ ಗಾಳಿ ತಾಗಿದೊಡನೆ ತಾನಾಗಿ ಹೊತ್ತಿಕೊಳ್ಳಬಲ್ಲದು.