ಚೇಂಜ್, ಡೆಪಾಸಿಟ್, ಪುಟ್: ಇಂಗ್ಲಿಷ್‌ನಿಂದ ಜರ್ಮನ್‌ಗೆ ಯಾವ ನಿಘಂಟು ದಾಟಿಸುತ್ತದೆ?

ಜರ್ಮನ್ ಕಲಿಯುವ ಕನ್ನಡಿಗರಲ್ಲಿ ಹೆಚ್ಚಿನವರು ಹುಡುಕುವುದು ಇಂಗ್ಲಿಷ್ ಪದ ಹಾಕಿಯೇ. ತೊಡಕು ಶುರುವಾಗುವುದೂ ಅಲ್ಲೇ. 'ಚೇಂಜ್' ಅಂತ ಟೈಪ್ ಮಾಡಿದರೆ ಜರ್ಮನ್ ಪದಗಳ ಸಾಲೇ ಬರುತ್ತದೆ. ರೈಲು ಬದಲಿಸುವುದು ಉಮ್‌ಶ್ಟೈಗೆನ್, ದುಡ್ಡು ಬದಲಿಸುವುದು ವೆಕ್ಸೆಲ್ನ್, ಅಂಗಡಿಯಲ್ಲಿ ಕೊಂಡದ್ದನ್ನು ವಾಪಸ್ ಕೊಟ್ಟು ಬೇರೆ ತಗೊಳ್ಳುವುದು ಉಮ್‌ಟೌಶೆನ್, ಬಟ್ಟೆ ಬದಲಿಸುವುದು ಜಿಶ್ ಉಮ್‌ತ್ಸೀಯೆನ್. ಈ ಕೊನೆಯದರಲ್ಲಿ 'ಜಿಶ್' ಬಿಟ್ಟುಹೋದರೆ ಬಟ್ಟೆ ಹೋಗಿ ಮನೆ ಬದಲಿಸಿದ ಅರ್ಥ ಬರುತ್ತದೆ. ಭೂತಕಾಲದಲ್ಲಿ ಸಹಾಯಕ ಕ್ರಿಯಾಪದವೂ ಬೇರೆ: ಬಟ್ಟೆಗೆ 'ಹಾಬೆನ್', ಮನೆಗೆ 'ಜೈನ್'.

ಇಂಥ ಪದಗಳನ್ನೇ ಪೋನ್ಸ್, ಲಿಯೋ, ಡಿಕ್ಟ್ ಸಿಸಿ, ಲಿಂಗ್ವೀ, ಡೀಪ್‌ಎಲ್ ಎಂಬ ಐದು ಆನ್‌ಲೈನ್ ನಿಘಂಟು, ಅನುವಾದ ತಾಣಗಳಲ್ಲೂ ಹಾಕಿ ನೋಡಿದಾಗ ಒಂಟಿ ಪದಕ್ಕೆ ಮೊದಲು ತೆರೆಯಬೇಕಾದ್ದು ಪೋನ್ಸ್ ಅನ್ನಿಸಿತು. ಅದು ಅರ್ಥಗಳನ್ನು ಸಂಖ್ಯೆ ಹಾಕಿ ಬೇರೆ ಮಾಡುತ್ತದೆ. ಪ್ರತಿ ಅರ್ಥದ ಪಕ್ಕ ಇದು ಬಟ್ಟೆಗೆ, ಇದು ಹಣಕ್ಕೆ, ಇದು ಪ್ರಯಾಣಕ್ಕೆ ಎಂಬ ಚಿಕ್ಕ ಸುಳಿವು ಇರುತ್ತದೆ. ಸ್ಟುಟ್‌ಗಾರ್ಟ್‌ನ ನಿಘಂಟು ಪ್ರಕಾಶನದಿಂದ ಬಂದದ್ದಾದ್ದರಿಂದ ಮುದ್ರಿತ ನಿಘಂಟಿನ ಶಿಸ್ತು ಅದರಲ್ಲಿ ಉಳಿದಿದೆ. ಉದ್ದನೆಯ ನಮೂದನ್ನು ಕೊನೆಯವರೆಗೆ ಓದುವ ತಾಳ್ಮೆ ಮಾತ್ರ ಬೇಕು.

ಲಿಯೋ ಹಾಗಲ್ಲ. ನಾಮಪದಗಳನ್ನೊಂದು ಕಡೆ, ಕ್ರಿಯಾಪದಗಳನ್ನೊಂದು ಕಡೆ ಹರಡಿಬಿಡುತ್ತದೆ, ಅರ್ಥದ ಪ್ರಕಾರ ವಿಂಗಡಿಸುವುದಿಲ್ಲ. ಆದರೆ ನಾಮಪದದ ಜೊತೆಗೇ ಲಿಂಗ ತೋರಿಸುವ ಡೇರ್, ಡೀ, ಡಾಸ್ ಯಾವುದು, ಬಹುವಚನ ಏನು, ಕ್ರಿಯಾಪದದ ಭೂತಕಾಲದ ರೂಪಗಳೇನು, ಮುಂದೆ ಅಕ್ಕುಸಾಟಿಫ್ (ದ್ವಿತೀಯಾ ವಿಭಕ್ತಿ) ಬರಬೇಕೋ ಡಾಟಿಫ್ (ಚತುರ್ಥಿ) ಬರಬೇಕೋ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಪೋನ್ಸ್‌ನಲ್ಲಿ ಅರ್ಥ ಗಟ್ಟಿ ಮಾಡಿಕೊಂಡು ಲಿಯೋದಲ್ಲಿ ರೂಪ ಬರೆದುಕೊಳ್ಳುವುದು ಒಳ್ಳೆಯ ಕ್ರಮ. ಕೆಳಗೆ ಬರುವ ಚರ್ಚೆಗಳ ಕೊಂಡಿಗಳನ್ನು ಬಿಡಬೇಡಿ. ಎರಡು ಪದಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ಜರ್ಮನ್ನರೇ ಅಲ್ಲಿ ಬಿಡಿಸಿ ಹೇಳಿರುತ್ತಾರೆ.

ವಿಯೆನ್ನಾದಿಂದ ಬಂದ ಡಿಕ್ಟ್ ಸಿಸಿಯಲ್ಲಿ ಪದಗಳನ್ನು ಸೇರಿಸುವವರೂ ಪರಿಶೀಲಿಸುವವರೂ ಬಳಕೆದಾರರೇ. ಆಡುಮಾತು, ಯಂತ್ರಭಾಗಗಳ ಹೆಸರು, ಆಸ್ಟ್ರಿಯಾದ ಬಳಕೆ ಅದರಲ್ಲಿ ಚೆನ್ನಾಗಿವೆ. ಪದಪಟ್ಟಿಯನ್ನು ಫೋನಿಗೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಪಕ್ಕದ ಆವರಣ ಚಿಹ್ನೆಯೊಳಗಿನ ಟಿಪ್ಪಣಿ ಓದದೆ ಮೊದಲ ಸಾಲನ್ನೇ ಎತ್ತಿಕೊಂಡರೆ ಮಾತ್ರ ಎಡವುವುದು ಖಂಡಿತ.

ಈಗ 'ಡೆಪಾಸಿಟ್'. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು, ಏಕೆಂದರೆ ಇಲ್ಲಿ ದುಡ್ಡಿನ ಮಾತಿದೆ. ಮನೆ ಬಾಡಿಗೆಯ ಠೇವಣಿ ಕೌಟ್ಸಿಯೋನ್. ವಾಸದ ಮನೆಗಾದರೆ ಜರ್ಮನಿಯ ಕಾನೂನಿನ ಪ್ರಕಾರ ಇದು ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ, ಅದೂ ನೀರು, ಹೀಟಿಂಗ್ ಮುಂತಾದ ಖರ್ಚು ಬಿಟ್ಟ ಬರೀ ಬಾಡಿಗೆ. ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕೂ ಇದೆ. ಬಾಟಲಿ ವಾಪಸ್ ಕೊಟ್ಟರೆ ಸಿಗುವ ಹಣ ಪ್ಫಾಂಟ್: ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗೆ 25 ಸೆಂಟ್, ಮರುಬಳಕೆಯ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್. ಸೋಫಾ ಆರ್ಡರ್ ಮಾಡುವಾಗ ಮುಂಗಡ ಕೊಡುವುದು ಆನ್‌ತ್ಸಾಲುಂಗ್. ಬ್ಯಾಂಕಿನಲ್ಲಿ ಹಣ ಕಟ್ಟುವುದು ಐನ್‌ತ್ಸಾಲುಂಗ್, ಕಟ್ಟಿದ ಮೇಲೆ ಅಲ್ಲಿರುವ ಹಣ ಐನ್‌ಲಾಗೆ. ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಇನ್ನೊಂದು ಎಚ್ಚರಿಕೆ: ನಾವು 'ಅಡ್ವಾನ್ಸ್' ಅನ್ನುವುದು ಇದೇ ಕೌಟ್ಸಿಯೋನ್. 'ಅಡ್ವಾನ್ಸ್' ಅಂತಲೇ ಹುಡುಕಿದರೆ ಸಂಬಳದ ಮುಂಗಡಕ್ಕೆ ಹೇಳುವ ಫೋರ್‌ಶುಸ್ ಕೈಗೆ ಬರುತ್ತದೆ, ಮನೆ ಮಾಲೀಕರಿಗೆ ಅದು ಅರ್ಥವಾಗುವುದಿಲ್ಲ.

'ಡೆಪಾಸಿಟ್'ಗೆ ಲಿಂಗ್ವೀ ಒಂದನ್ನೇ ನಂಬಬಾರದು. ಅದು ಎರಡೂ ಭಾಷೆಯಲ್ಲಿರುವ ಜಾಲತಾಣ, ಯುರೋಪಿಯನ್ ಒಕ್ಕೂಟದ ದಾಖಲೆ ಇಂಥವುಗಳಿಂದ ವಾಕ್ಯಗಳನ್ನು ಜೋಡಿಯಾಗಿ ತೋರಿಸುತ್ತದೆ. ಆದ್ದರಿಂದ ಬ್ಯಾಂಕು, ಕಾನೂನಿನ ಭಾಷೆ ಮುಂದೆ ನಿಲ್ಲುತ್ತದೆ. ಬಾಟಲಿಯ ಪ್ಫಾಂಟ್ ಹಿಂದೆ ಸರಿಯುತ್ತದೆ. ವಿಶ್ವವಿದ್ಯಾಲಯಕ್ಕೋ ಕಚೇರಿಗೋ ಪತ್ರ ಬರೆಯುವಾಗ ಅದೇ ವರವಾಗುತ್ತದೆ, ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಕೂಡುತ್ತದೆ ಎಂಬುದು ವಾಕ್ಯದಲ್ಲೇ ಕಾಣುವುದರಿಂದ.

ಡೀಪ್‌ಎಲ್ ಪೂರ್ತಿ ವಾಕ್ಯಕ್ಕೆ. ಒಂಟಿ ಪದ ಕೊಟ್ಟರೆ ಅದು ಊಹಿಸುತ್ತದೆ, ಅಷ್ಟೇ. 'ಮಾನ್‌ಹೈಮ್‌ನಲ್ಲಿ ಟ್ರೈನ್ ಚೇಂಜ್ ಮಾಡಬೇಕು' ಎಂಬುದನ್ನು ಇಂಗ್ಲಿಷ್‌ನಲ್ಲಿ ಇಡಿಯಾಗಿ ಕೊಟ್ಟರೆ ಟ್ರೈನ್ ಎಂಬ ಆಸರೆ ಹಿಡಿದು ಉಮ್‌ಶ್ಟೈಗೆನ್‌ಗೆ ತಲುಪುತ್ತದೆ. ಬಂದ ಉತ್ತರದಲ್ಲಿ ಯಾವುದೇ ಪದದ ಮೇಲೆ ಒತ್ತಿದರೆ ಬದಲಿ ಪದಗಳು ತೆರೆದುಕೊಳ್ಳುತ್ತವೆ. ಆದರೆ ಆ ಬದಲಿಗಳ ನಡುವಿನ ವ್ಯತ್ಯಾಸ ತಿಳಿಯಲು ಮತ್ತೆ ಪೋನ್ಸ್‌ಗೇ ಹೋಗಬೇಕು.

'ಪುಟ್' ಐದನ್ನೂ ಸೋಲಿಸುತ್ತದೆ. ನಿಲ್ಲಿಸಿ ಇಡುವುದು ಶ್ಟೆಲೆನ್, ಮಲಗಿಸಿ ಇಡುವುದು ಲೇಗೆನ್, ಕೂರಿಸುವುದು ಜೆಟ್ಸೆನ್, ಸಿಕ್ಕಿಸುವುದು ಶ್ಟೆಕೆನ್, ತೂಗುಹಾಕುವುದು ಹೆಂಗೆನ್ ಎಂದು ಎಲ್ಲವೂ ಹೇಳುತ್ತವೆ. ಚಪ್ಪಟೆಯಾದ ತಟ್ಟೆಗೂ ಶ್ಟೆಲೆನ್ ಅನ್ನಬೇಕು, ಏಕೆಂದರೆ ಅದು ತನ್ನ ತಳದ ಮೇಲೆ ನಿಲ್ಲುತ್ತದೆ ಎಂಬ ವಿವರ ಅವುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಇದಕ್ಕೆ ಡೇವೇಡೇಎಸ್ (DWDS) ಬೇಕು. ಬರ್ಲಿನ್-ಬ್ರಾಂಡೆನ್‌ಬುರ್ಗ್ ವಿಜ್ಞಾನ ಅಕಾಡೆಮಿಯ ಈ ಜರ್ಮನ್-ಜರ್ಮನ್ ನಿಘಂಟಿನಲ್ಲಿ ವೋರ್ಟ್‌ಪ್ರೋಫಿಲ್ ಎಂಬ ಭಾಗವಿದೆ. ಒಂದು ಕ್ರಿಯಾಪದದ ಜೊತೆ ಯಾವ ನಾಮಪದಗಳು ಹೆಚ್ಚಾಗಿ ಬರುತ್ತವೆ ಎಂದು ಅದು ತೋರಿಸುತ್ತದೆ. ಜೊತೆಗೆ ವಿಭಕ್ತಿಯನ್ನೂ ಗಮನಿಸಿ: ಮೇಜಿನ ಮೇಲೆ ಇಡುವಾಗ 'ಆಉಫ್ ಡೇನ್ ಟಿಶ್', ಇಟ್ಟದ್ದು ಅಲ್ಲಿರುವಾಗ 'ಆಉಫ್ ಡೇಮ್ ಟಿಶ್'.

ಯಾವ ನಿಘಂಟು ತೆರೆಯುವ ಮೊದಲೂ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಳ್ಳುವುದು ಲಾಭ. ಇಂಗ್ಲಿಷ್ ಒಂದೇ 'ನೋ' (know) ಪದದಲ್ಲಿ ಮುಗಿಸುವುದನ್ನು ನಾವೂ ಜರ್ಮನ್ನರೂ ಮೂರು ಮಾಡುತ್ತೇವೆ. ವಿಷಯ ಗೊತ್ತು ಅಂದರೆ ವಿಸೆನ್, ಅವರ ಪರಿಚಯ ಇದೆ ಅಂದರೆ ಕೆನೆನ್, ಜರ್ಮನ್ ಬರುತ್ತದೆ ಅಂದರೆ ಕ್ಯೋನೆನ್. 'ಟೈಮ್' ಕೂಡ ಹಾಗೆ: ಸಮಯ ತ್ಸೈಟ್, ಎರಡು ಸಲ ಎನ್ನುವಾಗಿನ ಸಲ ಮಾಲ್. ಮನೆ ಬಾಡಿಗೆಗೆ ಹಿಡಿಯುವುದು ಮೀಟೆನ್, ಬಾಡಿಗೆಗೆ ಕೊಡುವುದು ಫೆರ್‌ಮೀಟೆನ್.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. 'ಚಿಲ್ಲರೆ'ಯನ್ನು ಜರ್ಮನ್ ಎರಡಾಗಿ ಒಡೆಯುತ್ತದೆ: ಜೇಬಿನ ನಾಣ್ಯಗಳು ಕ್ಲೈನ್‌ಗೆಲ್ಟ್, ಗಲ್ಲಾದವರು ವಾಪಸ್ ಕೊಡುವುದು ವೆಕ್ಸೆಲ್‌ಗೆಲ್ಟ್. 'ಹಾಕು' ಅಂತೂ ಇಂಗ್ಲಿಷ್ 'ಪುಟ್'ಗಿಂತ ಅಗಲ. ಅಂಗಿ ಹಾಕಿಕೊಳ್ಳುವುದು ಆನ್‌ತ್ಸೀಯೆನ್, ಬಾಗಿಲಿಗೆ ಬೀಗ ಹಾಕುವುದು ಆಪ್‌ಶ್ಲೀಸೆನ್, ಅಡುಗೆಗೆ ಉಪ್ಪು ಹಾಕುವುದು ಜಾಲ್ಟ್ಸೆನ್. ಇಂಥ ಕಡೆ ಕ್ರಿಯಾಪದವನ್ನು ಬಿಟ್ಟು ಬಾಗಿಲು, ಅಂಗಿ ಎಂಬ ನಾಮಪದದ ಜರ್ಮನ್ ರೂಪವನ್ನೇ ವೋರ್ಟ್‌ಪ್ರೋಫಿಲ್‌ನಲ್ಲಿ ಹಾಕಿ, ಅದರ ಜೊತೆ ಬರುವ ಕ್ರಿಯಾಪದವನ್ನು ಹುಡುಕಿ.