ಈಕ್ವಲೈಜರ್ ಎಪಿಒ ಮತ್ತು ಪೀಸ್: ಮಲೆನಾಡಿನ ಮಳೆಯಲ್ಲಿ ಲ್ಯಾಪ್‌ಟಾಪ್ ಸ್ಪೀಕರ್ ಕೇಳಿಸುವಂತೆ ಮಾಡುವುದು

ಐದಕ್ಕೆ ನಾಲ್ಕು ಅಂಕ. ಕಡಿಮೆಯಾದ ಒಂದು ಅಂಕ ಯಾಕೆ ಎನ್ನುವುದು ಕೆಳಗಿದೆ. ವಿಂಡೋಸ್ ಲ್ಯಾಪ್‌ಟಾಪಿನ ಸ್ಪೀಕರ್ ಧ್ವನಿ ಸುಧಾರಿಸಲು ದುಡ್ಡು ಖರ್ಚಿಲ್ಲದೆ ಸಿಗುವ ದಾರಿಗಳಲ್ಲಿ ಈಕ್ವಲೈಜರ್ ಎಪಿಒ ಮತ್ತು ಪೀಸ್ ಜೋಡಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೂ ಬಹಳ ಜನ ಇದನ್ನು ಹಾಕಿಕೊಂಡ ದಿನವೇ ಬಾಸ್ ಸ್ಲೈಡರನ್ನು ತುದಿಗೆ ಏರಿಸುತ್ತಾರೆ, ಧ್ವನಿ ಒಡೆಯುತ್ತದೆ, ಸಂಜೆಯೊಳಗೆ ಕಿತ್ತುಹಾಕುತ್ತಾರೆ. ಏರಿಸುವ ಆಸೆ ಬಿಟ್ಟು ಇಳಿಸಲು ಕಲಿತವರಿಗೆ ಮಾತ್ರ ಈ ತಂತ್ರಾಂಶ ಒಲಿಯುತ್ತದೆ.

ಇಲ್ಲಿ ಹೇಳಿರುವುದೆಲ್ಲ ತೀರ್ಥಹಳ್ಳಿ, ಸಾಗರ ಕಡೆಯ ಮನೆಗಳಲ್ಲಿ, ಅಂದರೆ ಹೆಂಚಿನ ಮಾಡು ಮತ್ತು ತಗಡಿನ ಶೀಟಿನ ಕೆಳಗೆ, ಮಧ್ಯಮ ಬೆಲೆಯ 15.6 ಇಂಚಿನ ವಿಂಡೋಸ್ 11 ಲ್ಯಾಪ್‌ಟಾಪ್ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಇಂಥವುಗಳಲ್ಲಿ ಸಾಮಾನ್ಯವಾಗಿ ತಲಾ 2 ವ್ಯಾಟ್‌ನ ಎರಡು ಸ್ಪೀಕರ್, ಅದೂ ಕೆಳಮುಖವಾಗಿ ಇರುತ್ತವೆ.

ಈಕ್ವಲೈಜರ್ ಎಪಿಒ, ಧ್ವನಿಯ ತಗ್ಗು, ಮಧ್ಯ, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್ ವಿಸ್ಟಾದಿಂದ ಈಚಿನ ಎಲ್ಲದರಲ್ಲೂ ನಡೆಯುತ್ತದೆ. ಇದು ಬೇರೆ ಪ್ಲೇಯರ್ ಅಲ್ಲ. ವಿಂಡೋಸ್‌ನ ಧ್ವನಿ ಸ್ಪೀಕರಿಗೆ ಹೋಗುವ ದಾರಿಯಲ್ಲೇ ಕೂತು ಎಲ್ಲವನ್ನೂ ತಿದ್ದುತ್ತದೆ. ಯೂಟ್ಯೂಬ್ ಇರಲಿ, ಆನ್‌ಲೈನ್ ಕ್ಲಾಸ್ ಇರಲಿ, ಒಂದೇ ಲೆಕ್ಕ. ಅದರ ಸ್ವಂತ ಎಡಿಟರ್ ಸ್ವಲ್ಪ ಒರಟು, ಆದ್ದರಿಂದ ಮೇಲೆ ಪೀಸ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಹಾಕಿಕೊಂಡರೆ ಸ್ಲೈಡರುಗಳು ಸಿಗುತ್ತವೆ. ಎರಡನ್ನೂ ಸೋರ್ಸ್‌ಫೋರ್ಜ್ ಜಾಲತಾಣದಿಂದಲೇ ಇಳಿಸಿಕೊಳ್ಳಿ.

ಮೊದಲು ಎಪಿಒ, ಆಮೇಲೆ ಪೀಸ್. ಎಪಿಒ ಹಾಕುವಾಗ ಡಿವೈಸ್ ಸೆಲೆಕ್ಟರ್ ಎಂಬ ಕಿಟಕಿ ತೆರೆಯುತ್ತದೆ. ಹಳೆಯ ಆವೃತ್ತಿಯಲ್ಲಿ ಇದಕ್ಕೆ ಕಾನ್ಫಿಗರೇಟರ್ ಎಂದು ಹೆಸರು. ಅದರಲ್ಲಿ ಸ್ಪೀಕರ್ ಎದುರು ಟಿಕ್ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಮಾಡದೆ "ಏನೂ ಆಗ್ತಿಲ್ಲ" ಎನ್ನಬೇಡಿ. ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹಾಡು ಹಾಕಿ, ಪೀಸ್‌ನಲ್ಲಿ ಒಟ್ಟು ಧ್ವನಿಮಟ್ಟ ಏರಿಳಿಸುವ ಪ್ರೀಆಂಪ್ ಸ್ಲೈಡರನ್ನು -20 ಡಿಬಿಗೆ (ಡೆಸಿಬಲ್, ಧ್ವನಿಮಟ್ಟದ ಅಳತೆ) ಎಳೆಯಿರಿ. ಧ್ವನಿ ತಟ್ಟನೆ ಕುಗ್ಗಿದರೆ ಸರಿ. ಕುಗ್ಗದಿದ್ದರೆ ವಿಂಡೋಸ್ ಸೌಂಡ್ ಸೆಟ್ಟಿಂಗ್‌ನಲ್ಲಿ ಆ ಸ್ಪೀಕರಿನ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಆಗಿದೆಯೇ ನೋಡಿ. ಅದು ಆಫ್ ಇದ್ದರೆ ಎಪಿಒಗೂ ಬಾಗಿಲು ಮುಚ್ಚಿದಂತೆಯೇ. ಅದೂ ಸರಿ ಇದ್ದರೆ ಡಿವೈಸ್ ಸೆಲೆಕ್ಟರ್‌ನ ಟ್ರಬಲ್‌ಶೂಟಿಂಗ್ ಆಯ್ಕೆ ತೆರೆದು, ಇನ್‌ಸ್ಟಾಲ್ ವಿಧಾನವನ್ನು ಎಸ್‌ಎಫ್‌ಎಕ್ಸ್/ಇಎಫ್‌ಎಕ್ಸ್‌ನಿಂದ ಎಸ್‌ಎಫ್‌ಎಕ್ಸ್/ಎಂಎಫ್‌ಎಕ್ಸ್‌ಗೋ, ಅದರಿಂದ ಇದಕ್ಕೋ ಬದಲಿಸಿ, ಮತ್ತೆ ರೀಸ್ಟಾರ್ಟ್ ಮಾಡಿ. ಹಠಮಾರಿ ಡ್ರೈವರ್‌ಗಳು ಹೆಚ್ಚಾಗಿ ಇಲ್ಲಿಗೆ ಬಗ್ಗುತ್ತವೆ.

ಇನ್ನು ಬಾಸ್ ವಿಷಯ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಸ್ಪೀಕರ್ ಕೋನ್ 100 ಹರ್ಟ್ಸ್‌ನಷ್ಟು ತಗ್ಗು ಆವರ್ತನದಲ್ಲಿ ಕೋಣೆಯ ಗಾಳಿಯನ್ನು ತಳ್ಳಲಾರದು. ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಇಂಥ ಸ್ಪೀಕರಿನ ಶಕ್ತಿ ಬಿದ್ದುಹೋಗುತ್ತದೆ. ಅಲ್ಲಿ 6 ಡಿಬಿ ಏರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ವಿದ್ಯುತ್ ಕೊಡಬೇಕು, ಕೋನ್ ಎರಡು ಪಟ್ಟು ದೂರ ಓಡಾಡಬೇಕು. ಬಾಸ್ ಬರುವುದಿಲ್ಲ, ಕೋನ್ ಅಂಚಿಗೆ ತಗುಲಿ ಬರ್ರ್ ಎನ್ನುತ್ತದೆ, ಅದೇ ಹೊತ್ತಿಗೆ ಹಾಡುವವರ ಕಂಠವೂ ಕಲಸಿಹೋಗುತ್ತದೆ. ಕಿವಿಗೆ ಎರಡು ಪಟ್ಟು ಜೋರು ಎನಿಸಲು ಸುಮಾರು 10 ಡಿಬಿ, ಅಂದರೆ ಹತ್ತು ಪಟ್ಟು ವಿದ್ಯುತ್ ಬೇಕು. 2 ವ್ಯಾಟ್ ಸ್ಪೀಕರಿಗೆ 20 ವ್ಯಾಟ್ ಎಲ್ಲಿಂದ ತರುವುದು? "300 ಪರ್ಸೆಂಟ್ ವಾಲ್ಯೂಮ್" ಎನ್ನುವ ಬೂಸ್ಟರ್‌ಗಳೆಲ್ಲ ಮಾಡುವುದು ಅಲೆಯ ತುದಿ ಕತ್ತರಿಸುವ ಕೆಲಸವನ್ನೇ. ವಿಎಲ್‌ಸಿಯಲ್ಲಿ ವಾಲ್ಯೂಮ್ ನೂರು ದಾಟಿಸುವುದೂ ಅದೇ ಜಾತಿ. ಕಡಿಮೆ ಧ್ವನಿಯಲ್ಲಿ ರೆಕಾರ್ಡ್ ಆದ ಫೈಲಿಗಾದರೆ ಪರವಾಗಿಲ್ಲ, ಉಳಿದದ್ದಕ್ಕೆ ಬೇಡ. ಸಮಾಧಾನದ ಸಂಗತಿಯೂ ಒಂದಿದೆ. ತಂಬೂರಿಯ ಮಂದ್ರ ಷಡ್ಜ ಲ್ಯಾಪ್‌ಟಾಪಿನಿಂದ ನಿಜಕ್ಕೂ ಹೊರಬರದಿದ್ದರೂ ಅದರ ಮೇಲಿನ ಸ್ವರಾಂಶಗಳು ಬರುತ್ತವೆ, ಮೂಲಸ್ವರವನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. ಆದ್ದರಿಂದ 200ರಿಂದ 400 ಹರ್ಟ್ಸ್ ನಡುವಿನದನ್ನು ಶುಚಿಯಾಗಿ ಇಟ್ಟುಕೊಂಡರೆ ಧ್ವನಿ ತುಂಬಿದಂತೆ ಕೇಳುತ್ತದೆ.

ಹೊಂದಾಣಿಕೆ ಹೀಗೆ ಶುರುಮಾಡಿ. ಪ್ರೀಆಂಪ್ -6 ಡಿಬಿ. ಇದು ಕಡ್ಡಾಯ: ಯಾವ ಸ್ಲೈಡರನ್ನು ಎಷ್ಟು ಏರಿಸುತ್ತೀರೋ ಕನಿಷ್ಠ ಅಷ್ಟನ್ನು ಪ್ರೀಆಂಪ್‌ನಲ್ಲಿ ಇಳಿಸದಿದ್ದರೆ ಧ್ವನಿ ಒಡೆಯುತ್ತದೆ. ಆಮೇಲೆ ಕೊಟ್ಟ ಆವರ್ತನಕ್ಕಿಂತ ಕೆಳಗಿನದನ್ನು ಕತ್ತರಿಸುವ ಒಂದು ಹೈಪಾಸ್ ಫಿಲ್ಟರ್, 130 ಹರ್ಟ್ಸ್, ಕ್ಯೂ 0.7 (ಕ್ಯೂ ಎಂದರೆ ಫಿಲ್ಟರ್ ಎಷ್ಟು ಚೂಪು ಎನ್ನುವುದು; ಸಂಖ್ಯೆ ಹೆಚ್ಚಿದಷ್ಟೂ ಕಿರಿದು). ಬಾಸ್ ಬೇಕು ಎನ್ನುವವರಿಗೆ ಬಾಸನ್ನೇ ಕತ್ತರಿಸು ಎನ್ನುವುದು ವಿಚಿತ್ರ ಅನ್ನಿಸಬಹುದು. ಆದರೆ ಕೋನ್ ವ್ಯರ್ಥವಾಗಿ ಓಡಾಡುವುದು ನಿಂತ ತಕ್ಷಣ ಮಧ್ಯದ ಧ್ವನಿ ತಿಳಿಯಾಗುತ್ತದೆ, ವಾಲ್ಯೂಮನ್ನು ಇನ್ನೂ ಒಂದೆರಡು ಗೆರೆ ಏರಿಸಲು ಜಾಗ ಸಿಗುತ್ತದೆ. 250 ಹರ್ಟ್ಸ್‌ನಲ್ಲಿ +2 ಡಿಬಿ, ಕ್ಯೂ 1. ಇಲ್ಲಿಯವರೆಗಿನದು ಬಹುತೇಕ ಎಲ್ಲ ಲ್ಯಾಪ್‌ಟಾಪಿಗೂ ಹೊಂದುತ್ತದೆ.

ಮುಂದಿನದು ನಿಮ್ಮ ಯಂತ್ರಕ್ಕೇ ಸೇರಿದ್ದು. ಬೇರೆಯವರ ಪ್ರೀಸೆಟ್ ತಂದು ಹಾಕಿದರೆ ಬರುವುದಿಲ್ಲ. ಪ್ಲಾಸ್ಟಿಕ್ ಮೈಯಿಂದಾಗಿ ಪ್ರತಿ ಲ್ಯಾಪ್‌ಟಾಪಿಗೂ ಎರಡು ಮೂರು ಕಡೆ ಧ್ವನಿ ಉಬ್ಬಿಕೊಂಡಿರುತ್ತದೆ. ಹುಡುಕಲು ಪರಿಚಿತವಾದ ಒಂದು ಕಂಠದ ರೆಕಾರ್ಡಿಂಗ್ ಸಣ್ಣ ಧ್ವನಿಯಲ್ಲಿ ಹಾಕಿ. ಒಂದು ಫಿಲ್ಟರಿಗೆ +8 ಡಿಬಿ, ಕ್ಯೂ 4 ಕೊಟ್ಟು, ಪ್ರೀಆಂಪನ್ನು -10ಕ್ಕೆ ಇಳಿಸಿ, ಆ ಫಿಲ್ಟರಿನ ಆವರ್ತನವನ್ನು 300ರಿಂದ 6000 ಹರ್ಟ್ಸ್‌ವರೆಗೆ ನಿಧಾನಕ್ಕೆ ಸರಿಸಿ. ಒಂದು ಕಡೆ ಡಬ್ಬದೊಳಗಿಂದ ಮಾತಾಡಿದಂತೆ ಆಗುತ್ತದೆ, ಸಾಮಾನ್ಯವಾಗಿ 500ರಿಂದ 900ರ ನಡುವೆ. ಇನ್ನೊಂದು ಕಡೆ, 2.5ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಕಿವಿಗೆ ಚುಚ್ಚುತ್ತದೆ. ಆ ಎರಡು ಜಾಗ ಗುರುತಿಟ್ಟುಕೊಂಡು +8 ಇದ್ದದ್ದನ್ನು -4ಕ್ಕೆ ತಿರುಗಿಸಿ, ಕ್ಯೂ 2ಕ್ಕೆ ಅಗಲ ಮಾಡಿ. ಕೊನೆಗೆ 9 ಕಿಲೋಹರ್ಟ್ಸ್‌ನಿಂದ ಮೇಲೆ, ಅಲ್ಲಿಂದಾಚೆಗಿನದನ್ನೆಲ್ಲ ಒಟ್ಟಿಗೆ ಏರಿಸುವ ಹೈಶೆಲ್ಫ್ ಫಿಲ್ಟರ್ +2. ಕೆಳಮುಖದ ಸ್ಪೀಕರಿನಲ್ಲಿ ಸಕಾರ, ಶಕಾರಗಳು ಮೇಜಿಗೇ ಬಡಿದು ಮಂಕಾಗಿರುತ್ತವೆ, ಇದರಿಂದ ಸ್ವಲ್ಪ ಬಿಡಿಸಿಕೊಳ್ಳುತ್ತವೆ.

ಪರೀಕ್ಷೆಗೆ ಯಕ್ಷಗಾನದ ರೆಕಾರ್ಡಿಂಗ್‌ಗಿಂತ ಕಠಿಣವಾದದ್ದು ಸಿಗದು. ಚಂಡೆಯ ಏರು ಪೆಟ್ಟು ಬಿದ್ದಾಗ ತಿದ್ದದ ಲ್ಯಾಪ್‌ಟಾಪಿನಲ್ಲಿ ತಗಡಿನ ಸದ್ದಷ್ಟೇ ಬರುತ್ತದೆ, ಅದರ ಅಡಿಯಲ್ಲಿ ಭಾಗವತರ ಕಂಠ ಸಿಕ್ಕಿಬೀಳುತ್ತದೆ. 3 ಕಿಲೋಹರ್ಟ್ಸ್ ಸುತ್ತ 4 ಡಿಬಿ ಇಳಿಸಿದ ಮೇಲೆ ಚಂಡೆ ಹಿಂದಕ್ಕೆ ಸರಿದು ಪದ್ಯದ ಸಾಹಿತ್ಯ ತಿಳಿಯುತ್ತದೆ. ಮದ್ದಳೆಯ ಗುಮುಕಿಯ ಮೇಲಿನ ಭಾಗ ಮಾತ್ರ ಸಿಗುತ್ತದೆ, ಪೂರ್ತಿ ಸಿಗುವುದಿಲ್ಲ. ತಾಳಮದ್ದಳೆಯದು ಬೇರೆ ತಾಪತ್ರಯ. ಪದ್ಯ ಮುಗಿದು ಅರ್ಥಧಾರಿ ತಗ್ಗು ದನಿಯಲ್ಲಿ ಮಾತು ತೆಗೆದರೆ ಕೇಳಿಸದು ಎಂದು ವಾಲ್ಯೂಮ್ ಏರಿಸುತ್ತೀರಿ, ಮುಂದಿನ ಪದ್ಯಕ್ಕೆ ಮನೆಯವರೆಲ್ಲ ಬೆಚ್ಚಿಬೀಳುತ್ತಾರೆ. ಇದು ಜೋರು–ಮೆಲು ಅಂತರದ ಸಮಸ್ಯೆ, ಈಕ್ವಲೈಜರ್ ಇದನ್ನು ಸರಿಮಾಡಲಾರದು. ಜೋರು–ಮೆಲು ಅಂತರ ಕುಗ್ಗಿಸುವ ಕಂಪ್ರೆಸರ್ ಬೇಕು. ಸ್ಪೀಕರ್ ಪ್ರಾಪರ್ಟೀಸ್‌ನ ಎನ್‌ಹಾನ್ಸ್‌ಮೆಂಟ್ಸ್ ಟ್ಯಾಬಿನಲ್ಲಿ ಲೌಡ್‌ನೆಸ್ ಈಕ್ವಲೈಜೇಶನ್ ಇದ್ದರೆ ಅದೇ ಸಾಕು. ಎಲ್ಲ ಡ್ರೈವರಿನಲ್ಲೂ ಅದು ಇರುವುದಿಲ್ಲ. ಎಪಿಒದಲ್ಲಿ ಕಂಪ್ರೆಸರ್ ಒಳಗೇ ಇಲ್ಲ, ವಿಎಸ್‌ಟಿ ಎಂಬ ಬಗೆಯ ಹೊರಗಿನ ಧ್ವನಿ ಪ್ಲಗಿನ್ ಸೇರಿಸಬೇಕು, ಅದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಅರ್ಧ ಅಂಕ ಹೋಗಿದ್ದು ಇಲ್ಲಿ.

ಮಳೆಗಾಲಕ್ಕೆ ಬೇರೆಯೇ ಪ್ರೊಫೈಲ್ ಇಟ್ಟುಕೊಳ್ಳುವುದು ಮಲೆನಾಡಿನವರಿಗೆ ಅನಿವಾರ್ಯ. ಆಷಾಢದಲ್ಲಿ ತಗಡಿನ ಮೇಲೆ ಹೊಡೆಯುವ ಮಳೆಯ ಸದ್ದು ಎಲ್ಲ ಆವರ್ತನಗಳನ್ನೂ ಮುಚ್ಚುತ್ತದೆ. ಆಗ ಮಾಧುರ್ಯದ ಆಸೆ ಬಿಟ್ಟು ಮಾತು ತಿಳಿದರೆ ಸಾಕು ಎಂದುಕೊಳ್ಳಬೇಕು. ಹೈಪಾಸನ್ನು 220 ಹರ್ಟ್ಸ್‌ಗೆ ಏರಿಸಿ, 250ರ +2 ತೆಗೆಯಿರಿ, ವ್ಯಂಜನಗಳ ಸ್ಪಷ್ಟತೆ ಇರುವ 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಮೊದಲು ಮಾಡಿದ ಇಳಿತವನ್ನು ರದ್ದುಮಾಡಿ. ಪ್ರೀಆಂಪ್ -3 ಸಾಕು. ಇದನ್ನು ಪೀಸ್‌ನಲ್ಲಿ "ಮಳೆ" ಎಂದು ಉಳಿಸಿ ಒಂದು ಹಾಟ್‌ಕೀ ಕೊಟ್ಟುಬಿಡಿ. ಹಾಸಿಗೆ, ಕಂಬಳಿ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಯಾವ ಪ್ರೊಫೈಲೂ ಉಪಯೋಗಕ್ಕೆ ಬಾರದು. ಕೆಳಗಿನ ಸ್ಪೀಕರಿಗೆ ಗಟ್ಟಿ ಹಲಗೆ ಬೇಕು. ಹಿಂಭಾಗವನ್ನು ಎರಡು ಸೆಂಟಿಮೀಟರ್ ಎತ್ತರಿಸಿ, ಗೋಡೆಗೆ ಹತ್ತಿರ ಇಟ್ಟರೆ ತಗ್ಗು ಸ್ವರ ಸ್ವಲ್ಪ ತುಂಬಿಕೊಳ್ಳುತ್ತದೆ.

ಉಳಿದರ್ಧ ಅಂಕ ಹೋಗಲು ಎರಡು ಕಾರಣ. ಆಡಿಯೋ ಡ್ರೈವರ್ ಅಪ್‌ಡೇಟ್ ಆದಾಗ ಎಪಿಒ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಪೀಸ್‌ನಲ್ಲಿ ಸ್ಲೈಡರ್ ಎಲ್ಲ ಇದ್ದಲ್ಲೇ ಇರುತ್ತವೆ, ಧ್ವನಿ ಮಾತ್ರ ಹಳೆಯದಾಗಿರುತ್ತದೆ. ಡಿವೈಸ್ ಸೆಲೆಕ್ಟರ್ ತೆರೆದು ಮತ್ತೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು, ಆದರೆ ಇದು ಗೊತ್ತಿಲ್ಲದವರು ತಿಂಗಳುಗಟ್ಟಲೆ ಹಾಗೇ ಬಳಸುತ್ತಾರೆ. ಎರಡನೆಯದು, ರಿಯಲ್‌ಟೆಕ್ ಧ್ವನಿ ಚಿಪ್ ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಸ್ಪೀಕರ್ ಮತ್ತು ಹೆಡ್‌ಫೋನ್ ಜ್ಯಾಕ್ ಎರಡನ್ನೂ ವಿಂಡೋಸ್ ಒಂದೇ ಸಾಧನವೆಂದು ತೋರಿಸುತ್ತದೆ. ಸ್ಪೀಕರಿಗೆಂದು ಕತ್ತರಿಸಿದ ಬಾಸ್ ಇಯರ್‌ಫೋನಿನಲ್ಲೂ ಮಾಯ. ಇಯರ್‌ಫೋನಿಗೆ ಎಲ್ಲ ಸೊನ್ನೆ ಇರುವ ಇನ್ನೊಂದು ಪ್ರೊಫೈಲ್ ಮಾಡಿ, ಹಾಟ್‌ಕೀಯಲ್ಲಿ ಬದಲಿಸಿಕೊಳ್ಳುವುದೇ ದಾರಿ. ವಿಂಡೋಸ್‌ನ ಸಾಮಾನ್ಯ ಧ್ವನಿ ದಾರಿ ಬಿಟ್ಟು ಎಕ್ಸ್‌ಕ್ಲೂಸಿವ್ ಮೋಡ್ ಅಥವಾ ಎಎಸ್‌ಐಒ ಬಳಸುವ ಪ್ಲೇಯರುಗಳಿಗೆ ಎಪಿಒ ತಾಗುವುದೇ ಇಲ್ಲ, ಅದನ್ನು ದೋಷವೆನ್ನಲಾಗದು. ಇಷ್ಟು ತಲೆಬಿಸಿ ಬೇಡ ಎನ್ನುವವರಿಗೆ ಎಫ್‌ಎಕ್ಸ್‌ಸೌಂಡ್ ಇದೆ, ಅದೂ ಉಚಿತ. ಲಿನಕ್ಸ್ ಬಳಸುವವರಿಗೆ ಅದರ ಧ್ವನಿ ವ್ಯವಸ್ಥೆಯಾದ ಪೈಪ್‌ವೈರ್ ಮೇಲೆ ನಡೆಯುವ ಈಸಿ ಎಫೆಕ್ಟ್ಸ್; ಕಂಪ್ರೆಸರ್, ಲಿಮಿಟರ್ ಎರಡೂ ಅದರಲ್ಲೇ ಇವೆ, ಎಪಿಒ ಪ್ರೀಸೆಟ್ಟನ್ನೂ ತೆಗೆದುಕೊಳ್ಳುತ್ತದೆ.

ಈಕ್ವಲೈಜರ್ ಹಾಕುವ ಮೊದಲು ಸರಿಪಡಿಸಿಕೊಳ್ಳಬೇಕಾದವು ಕೆಲವಿವೆ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಧ್ವನಿ ತೆಳುವಾಯಿತು ಎಂದರೆ ಹೆಚ್ಚಾಗಿ ಸಾಮಾನ್ಯ ಡ್ರೈವರ್ ಕೂತಿರುತ್ತದೆ. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್ಲಿಗೆ ಕೊಟ್ಟಿರುವ ಆಡಿಯೋ ಡ್ರೈವರನ್ನೇ ಹಾಕಿ. ಆ ಸ್ಪೀಕರಿಗೆಂದು ಮಾಡಿದ ಹೊಂದಾಣಿಕೆ ಅದರಲ್ಲಿರುತ್ತದೆ. ಕರೆಯ ಹೊತ್ತಿನಲ್ಲಿ ಹಾಡಿನ ಧ್ವನಿ ಕುಸಿಯುತ್ತಿದ್ದರೆ ಸೌಂಡ್ ಕಿಟಕಿಯ ಕಮ್ಯುನಿಕೇಶನ್ಸ್ ಟ್ಯಾಬಿನಲ್ಲಿ "ಡು ನಥಿಂಗ್" ಆರಿಸಿ, ಇಲ್ಲದಿದ್ದರೆ ವಿಂಡೋಸ್ ತಾನಾಗಿಯೇ 80 ಶೇಕಡಾ ಇಳಿಸುತ್ತದೆ. ನಡುನಡುವೆ ಚಟಪಟ ಎಂದರೆ ಸ್ಪೀಕರನ್ನು ದೂರಬೇಡಿ. ವೈಫೈ ಆಫ್ ಮಾಡಿ ನೋಡಿ, ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ಅಡ್ಡಬರುತ್ತಿದೆ ಎಂದು ತೋರಿಸುತ್ತದೆ.

ದೋಷ ತಂತ್ರಾಂಶದ್ದೋ ಸ್ಪೀಕರಿನದೋ ತಿಳಿಯದಿದ್ದರೆ ಉಬುಂಟು ಎಂಬ ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ, ಇನ್‌ಸ್ಟಾಲ್ ಮಾಡದೆ, ಲ್ಯಾಪ್‌ಟಾಪ್ ಶುರುಮಾಡಿ ಹಾಡು ಹಾಕಿ. ಅಲ್ಲೂ ಅದೇ ಕರಕರ ಬಂದರೆ ಸ್ಕ್ರೂಡ್ರೈವರ್ ತೆಗೆಯುವ ಹೊತ್ತು ಬಂತು. 100ರಿಂದ 1000 ಹರ್ಟ್ಸ್‌ವರೆಗೆ ಏರುತ್ತ ಹೋಗುವ ಟೋನ್ ಹಾಕಿ: ಒಂದೇ ಆವರ್ತನದಲ್ಲಿ ಮಾತ್ರ ನಡುಗಿ, ಮೈಮೇಲೆ ಅಂಗೈ ಒತ್ತಿದಾಗ ನಿಂತರೆ ಅದು ಸಡಿಲ ಸ್ಕ್ರೂ ಅಥವಾ ಕಿತ್ತುಬಂದ ಫೋಮ್. ಇಲ್ಲಿನ ತೇವಕ್ಕೆ ಸ್ಪೀಕರ್ ಸುತ್ತಲಿನ ಫೋಮಿನ ಅಂಟು ಬಿಡುವುದು ಸಾಮಾನ್ಯ. ಎಲ್ಲ ಆವರ್ತನದಲ್ಲೂ ಕರಕರ ಎಂದರೆ ಕೋನ್ ಅಂಚು ಹರಿದಿದೆ, ಅಥವಾ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದೆ. ಜಾಲರಿಯ ಧೂಳಿಗೆ ಒಣಗಿದ ಮೆದು ಬ್ರಷ್ ಸಾಕು; ಅಡಿಕೆ ಸುಲಿಯುವ ಸಮಯದ ಧೂಳು ವಿಶೇಷವಾಗಿ ಅಲ್ಲೇ ಕೂರುತ್ತದೆ. ಬ್ಲೋವರ್ ಹಿಡಿದು ಊದಿದರೆ ತೆಳು ಕೋನ್ ಒಳಕ್ಕೆ ಕುಸಿಯುತ್ತದೆ.

ಹಿಂಬದಿ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ, ಆಮೇಲಷ್ಟೇ ಸ್ಪೀಕರ್ ಕನೆಕ್ಟರ್. ಅದನ್ನು ವೈರ್ ಹಿಡಿದು ಎಳೆಯದೆ, ಕನೆಕ್ಟರಿನ ಮೈಯನ್ನೇ ಉಗುರಿನಿಂದ ಎಬ್ಬಿಸಿ. ಸಾಮಾನ್ಯವಾಗಿ ನಾಲ್ಕು ಪಿನ್, ಒಂದೊಂದು ಸ್ಪೀಕರಿಗೆ ಎರಡೆರಡು. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಆರಲು ಬಿಡಿ. ಎಷ್ಟೋ ಸಲ ಒಂದು ಕಡೆ ಸತ್ತ ಸ್ಪೀಕರ್ ಇಷ್ಟಕ್ಕೇ ಎದ್ದುಬರುತ್ತದೆ. ಇಲ್ಲದಿದ್ದರೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. 4 ಓಮ್ ಸ್ಪೀಕರ್ ಸುಮಾರು 3.5, 8 ಓಮಿನದು ಸುಮಾರು 7 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ, ಹೊಸದೇ ಬೇಕು. ಶಿವಮೊಗ್ಗದ ಅಂಗಡಿಗಳಲ್ಲಿ ಕೇಳುವಾಗ ಲ್ಯಾಪ್‌ಟಾಪಿನ ಸರಣಿ ಹೆಸರು ಹೇಳಿದರೆ ಸಾಲದು. ತಳದ ಸ್ಟಿಕ್ಕರಿನ ಪೂರ್ತಿ ಮಾಡೆಲ್ ಸಂಖ್ಯೆ ಮತ್ತು ಹಳೆಯ ಸ್ಪೀಕರಿನ ಮೇಲೆ ಅಚ್ಚಾದ ಪಾರ್ಟ್ ನಂಬರ್ ಎರಡನ್ನೂ ಫೋಟೋ ತೆಗೆದುಕೊಂಡು ಹೋಗಿ. ಎಡ ಬಲ ಎರಡೂ ಜೋಡಿಯಾಗಿಯೇ ಬರುತ್ತವೆ, ಜೋಡಿಯಾಗಿಯೇ ಬದಲಿಸಿ. 8 ಓಮಿನ ಜಾಗಕ್ಕೆ 4 ಓಮಿನದು "ನಡೆಯುತ್ತೆ ಸಾರ್" ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ, ಮದರ್‌ಬೋರ್ಡಿನ ಆಂಪ್ಲಿಫೈಯರ್ ಚಿಪ್ ಮೇಲೆ ಹೊರೆ ಬೀಳುತ್ತದೆ. ಹೊಸ ಸ್ಪೀಕರ್ ಕೂರಿಸಿದ ಮೇಲೆ ಪೀಸ್‌ನ ಹಳೆಯ ಪ್ರೊಫೈಲ್ ಆಫ್ ಮಾಡಿ ಒಮ್ಮೆ ಹಾಗೇ ಕೇಳಿ, ಉಬ್ಬಿದ ಜಾಗಗಳನ್ನು ಮತ್ತೆ ಹುಡುಕಿ.