ಚೀನಾದ ಮೂರು ರಾಜ್ಯಗಳ ಕಥೆ: ಹಳೇ ಅನುವಾದಾನಾ, ಹೊಸಾದಾ, ಇಲ್ಲಾ 84 ಎಪಿಸೋಡಾ?

‘ಮೂರು ರಾಜ್ಯಗಳ ಕಥೆ’ ಅಂದ್ರೆ ಹಾನ್ ಸಾಮ್ರಾಜ್ಯ ಒಡೆದು ಮೂರು ರಾಜ್ಯ ಆದಾಗಿನ ಕಾದಾಟದ ಚೀನಾದ ಹಳೇ ಕಾದಂಬರಿ. ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಹಿಡಿಸಿದ್ದು ಮಾಸ್ ರಾಬರ್ಟ್ಸ್ ಅವರ 1991ರ ಇಂಗ್ಲಿಷ್ ಅನುವಾದ, ಅದೂ 120 ಅಧ್ಯಾಯ ಪೂರ್ತಿ ಇರೋದು (ಅವರದ್ದೇ ಸಂಕ್ಷಿಪ್ತಾನೂ ಸಿಗುತ್ತೆ, ನೋಡ್ಕೊಂಡು ತಗೊಳ್ಳಿ). ಆದ್ರೆ ನಾನು ಮೊದ್ಲು ದುಡ್ಡು ಹಾಕಿದ್ದು 1925ರ ಬ್ರೂವಿಟ್-ಟೇಲರ್ ಅನುವಾದಕ್ಕೆ. ಸೆಕೆಂಡ್ ಹ್ಯಾಂಡ್, ಎರಡು ಸಂಪುಟ ಸೇರಿ 450 ರೂಪಾಯಿ ಅಂದ್ರೆ ಯಾರ್ ಬಿಡ್ತಾರೆ? ಪಾರ್ಸೆಲ್ ಬಿಚ್ಚಿದ್ರೆ ಎರಡೂ ಒಂದನೇ ಸಂಪುಟಾನೇ!

ಅದು ಹಾಳಾಗ್ಲಿ, ಅಸಲಿ ತಲೆನೋವು ಹೆಸರುಗಳದ್ದು. ಹಳೇ ಅನುವಾದದಲ್ಲಿ ಹಳೇ ಕಾಲದ ಸ್ಪೆಲ್ಲಿಂಗು, ಅಲ್ಲಲ್ಲಿ ಅಪಾಸ್ಟ್ರಫಿ ಬೇರೆ. ಈಗ ಎಲ್ಲಾ ಕಡೆ ಪಿನ್‌ಯಿನ್ (ಚೀನೀ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಈಗಿನ ಪದ್ಧತಿ) ಇರೋದ್ರಿಂದ ನೆಟ್ಟಲ್ಲಿ ಒಂದು ಮ್ಯಾಪ್ ಹುಡುಕಿದ್ರೂ ಪುಸ್ತಕದ ಹೆಸರಿಗೆ ತಾಳೆ ಆಗಲ್ಲ. ಒಂದು ವಿಷ್ಯದಲ್ಲಿ ಮಾತ್ರ ಹಳೇದೇ ವಾಸಿ: ಪಿನ್‌ಯಿನ್ ನೋಡ್ಕೊಂಡು ನಾನು, ಉತ್ತರದ ವೇಯ್ ರಾಜ್ಯಕ್ಕೆ ಬುನಾದಿ ಹಾಕಿದವನ ಹೆಸರನ್ನ ಎಷ್ಟೋ ದಿನ ಕಾವೊ ಕಾವೊ ಅಂತ ಕಾಗೆ ಥರ ಓದ್ತಿದ್ದೆ, ಆಮೇಲೆ ಗೊತ್ತಾಯ್ತು ಅದು ತ್ಸಾವ್ ತ್ಸಾವ್ ಅಂತ, ಹಳೇ ಸ್ಪೆಲ್ಲಿಂಗಲ್ಲಿ ಅದು ಸರಿಯಾಗೇ ಇತ್ತು.

ಮೇಲಿಂದ ಒಬ್ಬೊಬ್ಬನಿಗೆ ಎರಡೆರಡು ಹೆಸರು: ಹುಟ್ಟಿದಾಗ ಇಟ್ಟಿದ್ದು ಒಂದು, ದೊಡ್ಡವನಾದ್ಮೇಲೆ ಮರ್ಯಾದೆಗೆ ಕರೆಯೋದು ಇನ್ನೊಂದು. ಅರ್ಜುನ ಉತ್ತರಕುಮಾರನಿಗೆ ತನ್ನ ಹತ್ತು ಹೆಸರು ಹೇಳೋದನ್ನ ಕೇಳ್ಕೊಂಡು ಬೆಳೆದವ್ರು ನಾವು, ಇದೇನ್ ಮಹಾ ಅಂದ್ಕೊಂಡಿದ್ದೆ. ಆದ್ರೆ ಇಲ್ಲಿ ಹೆಸರು ಹಿಡಿದು ಕರೆಯೋದ್ರಲ್ಲೇ ರಾಜಕೀಯ ಇದೆ. ಕಥೆ ಹೇಳೋನು ತ್ಸಾವ್ ತ್ಸಾವ್‌ನ ಎದುರಾಳಿ ಲಿಯು ಬೇಯ್‌ನ ಮರ್ಯಾದೆಯಿಂದ ಷುವಾನ್‌ದೆ ಅಂತಾನೆ, ಅವನ ಆಣೆಯ ತಮ್ಮ ಗುವಾನ್ ಯೂನ ಗುವಾನ್ ಪ್ರಭು ಅಂತಾನೆ, ತ್ಸಾವ್ ತ್ಸಾವ್‌ಗೆ ಮಾತ್ರ ಬರೀ ಹೆಸರು! ನಂಗೆ ಇದು ಹೊಳೆದಿದ್ದೇ ರಾಬರ್ಟ್ಸ್ ಪುಸ್ತಕದಲ್ಲಿ. ಯಾರ ಪಕ್ಷ ಅಂತ ಅಲ್ಲೇ ಗೊತ್ತಾಗೋಯ್ತಲ್ಲ.

ಈ ಪಕ್ಷಾನೂ ಒಂದೇ ಥರ ಇರ್ಲಿಲ್ಲ. 3ನೇ ಶತಮಾನದ ಇತಿಹಾಸಕಾರ ಚೆನ್ ಶೋ, ತ್ಸಾವ್ ಮನೆತನದ ವೇಯ್ ರಾಜ್ಯಾನೇ ಹಾನ್ ಸಾಮ್ರಾಜ್ಯದ ಅಸಲಿ ವಾರಸುದಾರ ಅಂದ, ಯಾಕಂದ್ರೆ ಅವನ ಧಣಿಗಳು ಜಿನ್ ರಾಜರು ಪಟ್ಟ ಪಡೆದಿದ್ದು ವೇಯ್ ಕೈಯಿಂದಾನೇ. ಮುಂದೆ ಸಾಂಗ್ ದೊರೆಗಳು ಉತ್ತರ ಕಳ್ಕೊಂಡು ದಕ್ಷಿಣಕ್ಕೆ ಬಂದ ಕಾಲದಲ್ಲಿ ತತ್ವಜ್ಞಾನಿ ಝೂ ಷಿ ಬಂದು, ಇಲ್ಲ, ಮೂಲೆಗೆ ತಳ್ಳಿಸ್ಕೊಂಡ ಲಿಯು ಬೇಯ್‌ದೇ ಅಸಲಿ ಅಂದ. ಕಾದಂಬರಿ ಹಿಡಿದಿದ್ದು ಇದೇ ದಾರಿ, ನಾಟಕದಲ್ಲೂ ತ್ಸಾವ್ ತ್ಸಾವ್‌ಗೆ ವಂಚಕರ ಬಿಳಿ ಮುಖಾನೇ ಬಳಿದ್ರು. ಕೊನೆಗೆ 1959ರಲ್ಲಿ, ಮಾವೋ ಕಾಲದಲ್ಲಿ, ಸಾಹಿತಿ ಗುವೋ ಮೋರುವೋ ಒಂದು ನಾಟಕಾನೇ ಬರೆದು ಅವನ ಮುಖದ ಬಿಳಿ ತೊಳೆಯೋಕೆ ಹೊರಟ್ರು. ಸತ್ತು 1700 ವರ್ಷ ಆದವನ ಹೆಸರು ಸರಿಮಾಡೋದೂ ಸರ್ಕಾರಿ ಕೆಲ್ಸ ನೋಡಿ. ರಾಬರ್ಟ್ಸ್ ಟಿಪ್ಪಣಿ ಓದ್ಕೊಂಡು ಹೋದ್ರೆ ಈ ಹಳೇ ಜಗಳದ ಎಳೆ ಸಿಗುತ್ತೆ, ಬ್ರೂವಿಟ್-ಟೇಲರ್‌ನಲ್ಲಿ ಟಿಪ್ಪಣಿನೇ ಇಲ್ಲ.

1994ರ ಟಿವಿ ಸೀರಿಯಲ್ 84 ಎಪಿಸೋಡು. ತ್ಸಾವ್ ತ್ಸಾವ್ ಪಾತ್ರದಲ್ಲಿ ಬಾವ್ ಗುವೋಆನ್ ನಗೋದು ನೋಡೋಕೇ ಒಂದ್ಸಲ ಕೂತ್ಕೋಬಹುದು, ಆದ್ರೆ ಸಬ್‌ಟೈಟಲ್ ಓದೋಷ್ಟ್ರಲ್ಲಿ ಮುಂದಿನದು ಬಂದಿರುತ್ತೆ.

ನಾನು ಓದೋದು ಮೆಟ್ರೋದಲ್ಲಿ, ಹೋಗೋವಾಗ ಒಂದು ಅಧ್ಯಾಯ, ಬರೋವಾಗ ಒಂದು. ಪ್ರತಿ ಅಧ್ಯಾಯಾನೂ ಮುಂದೇನಾಯ್ತು ಅಂತ ಕುತೂಹಲದಲ್ಲೇ ನಿಲ್ಲಿಸ್ತಾರೆ, ಹಾಗಾಗಿ ಎರಡು ಸಲ ಸ್ಟೇಷನ್ ಮಿಸ್ ಆಗಿದೆ. ರಾಬರ್ಟ್ಸ್ ಸೆಟ್ಟಿಗೆ ಹಳೇದರ ಐದು ಪಟ್ಟು ದುಡ್ಡು ಕೊಟ್ಟೆ, ಬೇಜಾರಿಲ್ಲ. ಯಾರಿಗಾದ್ರೂ ಹಳೇ ಅನುವಾದದ ಒಂದನೇ ಸಂಪುಟ ಬೇಕಿದ್ರೆ ಹೇಳಿ, ನನ್ನತ್ರ ಎರಡಿದೆ.